ಬಾಚಿದ ಪೊರಕೆ

ಚಳ್ಳಕೆರೆಯಲ್ಲಿ ನಾನು ಕೆಲಸ ಮಾಡುವ ಅಂಗಡಿಗೆ ಎರಡು ಮಹಡಿ. ಕೆಳಗೆ ದಿನಸಿ, ಸೋಪು, ಪಾತ್ರೆ, ಪ್ಲಾಸ್ಟಿಕ್ ಸಾಮಾನು; ಮೇಲೆ ಬಟ್ಟೆ. ಗಿರಾಕಿಗಳ ಕಣ್ಣಿಗೆ ಇಡೀ ಅಂಗಡಿ ಒಂದೇ ಸಮ ಫಳಫಳ ಹೊಳೆಯುತ್ತದೆ. ಯಾವ ಕಪಾಟು ಸಾಧು, ಯಾವುದು ಚಂಡಿ ಅನ್ನುವುದು ದಿನಾ ಬೆಳಿಗ್ಗೆ ಬಂದು ಅದನ್ನು ತುಂಬುವ ನಮಗೆ ಮಾತ್ರ ಗೊತ್ತು.

ಶಾಂಪೂ ಸ್ಯಾಶೆಗಳ ಸರ ನೇತುಹಾಕುವುದೆಂದರೆ ಒಬ್ಬಳಿಗೆ ತಲೆನೋವು. ಒಂದು ಸರ ಎಳೆದರೆ ಪಕ್ಕದ ನಾಲ್ಕು ಜೊತೆಗೇ ಬರುತ್ತವೆ. ಇನ್ನೊಬ್ಬನಿಗೆ ಪೌಚ್ ಎಣ್ಣೆ ಅಂದರೆ ಆಗದು. ಎಲ್ಲೋ ಒಂದು ಪೌಚ್ ಸೋರಿರುತ್ತದೆ, ಯಾವುದೆಂದು ಹುಡುಕುವಷ್ಟರಲ್ಲಿ ಎಲ್ಲವೂ ಜಾರತೊಡಗಿರುತ್ತವೆ. ಅದೂ ಸಾಲದು ಎಂಬಂತೆ, ಬೀದಿಗೊಂದು ಎಣ್ಣೆ ಮಿಲ್ಲು ನೋಡಿ ಬೆಳೆದ ಈ ಊರಿನ ಜನ ಪೌಚನ್ನು ಕೈಯಲ್ಲಿ ಒತ್ತಿ, ಮೂಸಿ, ಮೂಗು ಮುರಿದು ಅಲ್ಲೇ ಇಟ್ಟು ಹೋಗುತ್ತಾರೆ. ಮಕ್ಕಳ ಕೈಗೆ ಎಟಕುವ ಚಾಕಲೇಟಿನ ಸಾಲನ್ನಂತೂ ತುಂಬುವುದೂ ಒಂದೇ, ಬಿಡುವುದೂ ಒಂದೇ.

ಆದರೆ ಎಲ್ಲರೂ ಒಕ್ಕೊರಲಿನಿಂದ ಬೇಡವೆನ್ನುವ ಜಾಗ ಒಂದೇ. ಅದು ಮೆಟ್ಟಿಲ ಕೆಳಗಿನ ಪೊರಕೆ ಮೂಲೆ.

ಮೊದಲನೆಯ ಕಾರಣ ಹೊಟ್ಟು. ಹುಲ್ಲಿನ ಪೊರಕೆಯ ಕಟ್ಟು ಬಿಚ್ಚಿದರೆ ಸಾಕು, ಅದರ ಹೂವಿನ ಹೊಟ್ಟು ಮೂಗು, ಬಾಯಿ, ರವಿಕೆಯ ಒಳಗೆಲ್ಲ ಸೇರಿಕೊಳ್ಳುತ್ತದೆ. ಮನೆಗೆ ಹೋಗಿ ಸ್ನಾನ ಮಾಡುವವರೆಗೂ ಕೆರೆತ. ಎರಡನೆಯದು, ಪೊರಕೆಗೆ ಈ ಸೀಮೆಯಲ್ಲಿ ಇರುವಷ್ಟು ಕಟ್ಟುಪಾಡು ಬೇರೆ ಯಾವ ಸಾಮಾನಿಗೂ ಇಲ್ಲ. ನಿಲ್ಲಿಸಿ ಇಟ್ಟರೆ ಮನೆಯಲ್ಲಿ ಜಗಳವಂತೆ, ಹಾಗಾಗಿ ಮಲಗಿಸಿಯೇ ಇಡಬೇಕು. ಕಾಲು ತಾಗಬಾರದು, ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ದೀಪ ಹಚ್ಚಿದ ಮೇಲೆ ಕೊಡಬಾರದು. ಶುಕ್ರವಾರ ಕೊಂಡರೆ ಲಕ್ಷ್ಮಿ ಬರುತ್ತಾಳೆ ಎಂದು ಒಬ್ಬರು, ಮಂಗಳವಾರ ಅದರ ಸುದ್ದಿಯೇ ಬೇಡ ಎಂದು ಇನ್ನೊಬ್ಬರು. ನಾನು ಗೊತ್ತಿಲ್ಲದೆ ನಿಲ್ಲಿಸಿಟ್ಟಿದ್ದ ಪೊರಕೆ ಕಂಡು ಒಬ್ಬ ಹೆಂಗಸು, "ಏನವ್ವ, ನಮ್ ಮನೇಲಿ ಜಗಳ ಹಚ್ಚಬೇಕಂತ ಮಾಡೀಯೇನು?" ಎಂದು ಕೇಳಿದ್ದುಂಟು. ನಿಮ್ಮ ಮನೆಯ ಜಗಳಕ್ಕೆ ಪೊರಕೆಯೇ ಏಕೆ ಬೇಕು, ನೀವೇ ಸಾಕಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೋಪ ನನಗೆ ಮೂಗಿನ ಮೇಲೇ ಇರುತ್ತದೆ.

ನಮ್ಮ ಸಾಹುಕಾರರದು ಒಂದು ನಿಯಮವಿತ್ತು. ಕೆಲಸಕ್ಕೆ ಹೊಸದಾಗಿ ಬಂದವರಿಗೆ ಪೊರಕೆ ಮೂಲೆ. ಅವರ ನಂತರ ಇನ್ನೊಬ್ಬರು ಬಂದರೆ ಅಲ್ಲಿಂದ ಬಿಡುಗಡೆ. ಈ ಅಂಗಡಿ ಒಂದೇ ಬಾಗಿಲಿನ ಕಿರಾಣಿಯಾಗಿದ್ದಾಗ ಅವರ ತಂದೆ ಮಗನನ್ನೂ ಮೊದಲು ಅಲ್ಲೇ ಕೂರಿಸಿದ್ದರಂತೆ. "ನಾನೇ ಹೊಟ್ಟು ಕುಡ್ದು ಬೆಳ್ದೀನಮ್ಮ, ನಿಮ್ದೇನು" ಎನ್ನುತ್ತಿದ್ದರು. ನಾನು ವರ್ಷಕ್ಕಿಂತ ಹೆಚ್ಚು ಕಾಲ ಹೊಟ್ಟು ಕುಡಿದುಕೊಂಡು, ಹೊಸಬರು ಯಾವಾಗ ಬರುತ್ತಾರೋ ಎಂದು ಬಾಗಿಲು ನೋಡುತ್ತಿದ್ದೆ.

ಕೊನೆಗೆ ಒಬ್ಬಳು ಬಂದಳು. ಮೂವತ್ತರ ಆಸುಪಾಸು, ಮನೆಮಾತು ಉರ್ದು, ಗಂಡನಿಗೆ ಬಸ್ ಸ್ಟ್ಯಾಂಡಿನ ಹಿಂದೆ ಬೈಕು ರಿಪೇರಿ ಗ್ಯಾರೇಜು. ಬುರ್ಖಾ ತೆಗೆದು ಮೊಳೆಗೆ ಹಾಕಿ ಅಂಗಡಿಯ ನೀಲಿ ಕೋಟು ತೊಟ್ಟವಳು ಮೊದಲ ದಿನವೇ ನನ್ನನ್ನು ಅಕ್ಕ ಎಂದಳು, ಊಟದ ಹೊತ್ತಿಗೆ ನನ್ನ ಡಬ್ಬಿಯ ಉಪ್ಪಿನಕಾಯಿಗೆ ಕೈ ಹಾಕಿದಳು. ಅವಳ ಮಾತಿಗೆ ಫುಲ್‌ಸ್ಟಾಪ್ ಇಲ್ಲ. ಗಿರಾಕಿ, ಸೇಲ್ಸ್‌ಮನ್, ಪಕ್ಕದ ಬೇಕರಿಯವನು, ಯಾರಾದರೂ ಆದೀತು. ಉಳ್ಳಾರ್ತಿ ಕಾವಲಿನ ಕಡೆಯ ವಿಜ್ಞಾನ ಸಂಸ್ಥೆಗಳ ದೊಡ್ಡ ಕ್ಯಾಂಪಸ್ಸುಗಳಿಂದ ಹಿಂದಿ ಮಾತಾಡುವವರು ಭಾನುವಾರ ಬಂದರೆ ನಾವೆಲ್ಲ ಕಪಾಟಿನ ಹಿಂದೆ ಅವಿತುಕೊಳ್ಳುತ್ತಿದ್ದೆವು. ಇವಳು ಎದುರಿಗೇ ಹೋಗಿ ಅವರ ಊರು ಕೇರಿ, ಮಕ್ಕಳ ಸ್ಕೂಲು, ಎಲ್ಲವನ್ನೂ ವಿಚಾರಿಸಿ ಕಳಿಸುತ್ತಿದ್ದಳು.

ಸಾಹುಕಾರರು ಅವಳಿಗೆ, "ಮೂರು ತಿಂಗ್ಳು ನೋಡ್ತೀನಿ, ಆಮೇಲೆ ಹೇಳ್ತೀನಿ" ಎಂದಿದ್ದರು. ಆ ಮೂರು ತಿಂಗಳು ಅವಳಿಗೆ ಎಷ್ಟು ಮುಖ್ಯವೆಂದು ಅವಳೇ ನನಗೆ ಹೇಳಿದಳು. ಹಿಂದೆ ಎರಡು ಕಡೆ ಕೆಲಸಕ್ಕೆ ಸೇರಿದ್ದಳಂತೆ. ಒಂದು ಅಂಗಡಿ ಮುಚ್ಚಿಹೋಯಿತು, ಇನ್ನೊಂದರಿಂದ ಅವರೇ ಬಿಡಿಸಿದರು. ಅವಳ ಅತ್ತೆ ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಇದೇ ಕೊನೆ, ಇದೂ ನಿಲ್ಲದಿದ್ದರೆ ಇನ್ನು ಮನೆಯಲ್ಲೇ ಇರತಕ್ಕದ್ದು.

"ಮನೇಲಿ ಏನೂ ತೊಂದ್ರೆ ಇಲ್ಲ ಅಕ್ಕ, ಊಟ ಐತೆ, ಟಿವಿ ಐತೆ" ಎಂದಳು. "ಆದ್ರೆ ದಿನಾ ಪೂರಾ ಮಾತಾಡಕ್ಕೆ ಯಾರೂ ಇಲ್ಲ. ಗಂಡ ಗ್ಯಾರೇಜ್‌ನಿಂದ ಬಂದು ಮಲ್ಗಿಬಿಡ್ತಾರೆ. ಇಲ್ಲಿ ನೋಡು ಎಷ್ಟೊಂದ್ ಜನ."

ಅವಳು ಪೊರಕೆ ಮೂಲೆಗೆ, ನಾನು ಮೇಲಿನ ಸೀರೆ ವಿಭಾಗಕ್ಕೆ. ಹೊಟ್ಟಿನಿಂದ ಪಾರಾದೆನೆಂದು ಕುಣಿಯುತ್ತ ಮೆಟ್ಟಿಲು ಹತ್ತಿದೆ. ಕುಣಿತ ಹೆಚ್ಚು ಹೊತ್ತು ಉಳಿಯಲಿಲ್ಲ.

ನಾನು ಹುಟ್ಟಿದ್ದು ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ. ಒಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಈಗಲೂ ಅಲ್ಲಿ ಅಣ್ಣ ನೇಯುತ್ತಾನೆ, ಅವ್ವ ರೇಷ್ಮೆ ಎಳೆ ಹೊಂದಿಸಿ ಕೊಡುತ್ತಾಳೆ. ಅಂಚಿನಲ್ಲಿ ಒಂದು ನವಿಲು ಕೂರಬೇಕಾದರೆ ಮನೆಮಂದಿಯೆಲ್ಲ ಎಷ್ಟು ಹೊತ್ತು ಬೆನ್ನು ಬಗ್ಗಿಸಬೇಕೆಂದು ನಾನು ಕಣ್ಣಾರೆ ಕಂಡವಳು. ಚಳ್ಳಕೆರೆಯ ಆ ಕಪಾಟಿನಲ್ಲಿ ಏನಿತ್ತೆಂದರೆ, ಎಲ್ಲೋ ದೂರದ ಊರಿನ ಮೆಷಿನ್ನಿನಲ್ಲಿ ನೇಯ್ದ ನೈಲಾನಿನಂಥ ಸೀರೆಗಳು, ಅವುಗಳ ಅಂಚಿನಲ್ಲಿ ನಮ್ಮ ನವಿಲು. ನವಿಲೋ ಕೋಳಿಯೋ ಹೇಳುವುದು ಕಷ್ಟ. ಮೇಲೊಂದು ಬೋರ್ಡು: ಮೊಳಕಾಲ್ಮೂರು ಬಾರ್ಡರ್ ಸೀರೆ.

ಆ ಸೀರೆ ಮಡಚಿದರೆ ನಿಲ್ಲುವುದಿಲ್ಲ. ಹತ್ತು ಮಡಚಿ ಮೇಲೆ ಹನ್ನೊಂದನೆಯದು ಇಟ್ಟರೆ ಹತ್ತೂ ಜಾರಿ ಕಾಲ ಮೇಲೆ ಬೀಳುತ್ತವೆ. ಅದನ್ನಾದರೂ ಸಹಿಸಬಹುದಿತ್ತು. ಬಂದವರೆಲ್ಲ ಕೇಳುವ ಪ್ರಶ್ನೆಯನ್ನು ಸಹಿಸಲಾಗುತ್ತಿರಲಿಲ್ಲ.

"ಇದು ಮೊಳಕಾಲ್ಮೂರು ಸೀರೆನಾ?" ಎಂದು ಮೊದಲ ದಿನ ಒಬ್ಬರು ಕೇಳಿದರು.

"ಅಲ್ಲ ಕಣ್ರಿ. ಮೊಳಕಾಲ್ಮೂರು ಅಂತ ಬೋರ್ಡ್ ಹಾಕಿರೋ ಸೀರೆ" ಎಂದೆ. ನಾನು ಅಂದ ಧಾಟಿಗೆ ಆಕೆ ಸೀರೆಯನ್ನು ಕೆಂಡ ಮುಟ್ಟಿದವರಂತೆ ಕೆಳಗಿಟ್ಟು ಹೊರಟುಹೋದರು. ಎರಡನೆಯವರೂ ಹೋದರು. ಮೂರನೆಯವರ ಹೊತ್ತಿಗೆ ನನಗೇ ಹೆದರಿಕೆಯಾಯಿತು. ಹೀಗೇ ಆದರೆ ಸಾಹುಕಾರರು ನನ್ನನ್ನೇ ಮನೆಗೆ ಕಳಿಸುತ್ತಾರೆ. ಊರಿಗೆಲ್ಲ ಪೊರಕೆ ಮೂಲೆ ಬೇಡವಾದರೆ ನನಗೆ ಈ ಸೀರೆ ಕಪಾಟು ಬೇಡ. ಮೈ ಉರಿಯುವುದಕ್ಕಿಂತ ಮೈ ಕೆರೆಯುವುದೇ ವಾಸಿ ಅನ್ನಿಸಿತು.

ಹಾಗಿರುವಾಗಲೇ ಒಂದು ಬೆಳಿಗ್ಗೆ ನೀರಿನ ಬಾಟಲಿ ತರಲು ಕೆಳಗಿಳಿದೆ. ಫಿನಾಯಿಲ್ ಕ್ಯಾನುಗಳ ಹಿಂದೆ ಅವಳು ಕುಕ್ಕರುಗಾಲಿನಲ್ಲಿ ಕೂತು ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದಳು. ಸದ್ದು ಹೊರಗೆ ಬಾರದಂತೆ ಕೆಮ್ಮುವುದು ಬಹಳ ಕಷ್ಟ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪಕ್ಕದಲ್ಲಿ ಆಗಷ್ಟೇ ಬಿಚ್ಚಿದ ಪೊರಕೆ ಕಟ್ಟು.

"ಏನಿಲ್ಲ ಅಕ್ಕ, ನೀರು ನೆತ್ತಿಗೇರ್ತು" ಎಂದಳು. ಸುತ್ತಮುತ್ತ ಎಲ್ಲೂ ನೀರಿರಲಿಲ್ಲ. ನಾನು ಪೊರಕೆ ಕಟ್ಟಿನ ಕಡೆ ನೋಡಿದೆ.

"ಧೂಳು ಆಗಲ್ಲ ಅಕ್ಕ ನನ್ಗೆ. ಮೊದ್ಲಿಂದಾನೂ. ಹೋದ್ ಅಂಗಡೀಲಿ ಅದಕ್ಕೇ ಬಿಡ್ಸಿದ್ದು, ಗಿರಾಕಿ ಹೆದರ್ಕೊಂಡು ಓಡ್ತಾರೆ ಅಂತ. ಸಾವ್ಕಾರ್ರಿಗೆ ಹೇಳ್ಬೇಡ, ನಿನ್ನ ಕಾಲ್ ಹಿಡ್ಕೋತೀನಿ."

"ಕಾಲು ಬಿಡು, ಮೊದ್ಲು ಮೇಲೆ ಹೋಗು" ಎಂದೆ. "ಸೀರೆ ಕಪಾಟು ನೀನ್ ನೋಡ್ಕೊ. ಪರಕೆ ನಾನ್ ನೋಡ್ಕೋತೀನಿ."

ಅವಳು ನನ್ನನ್ನು ದೇವತೆಯನ್ನು ಕಂಡಂತೆ ಕಂಡಳು. ನಾನೂ ಸ್ವಲ್ಪ ಹೊತ್ತು ದೇವತೆಯಂತೆಯೇ ನಿಂತಿದ್ದೆ. ಆಮೇಲೆ ಇದ್ದ ವಿಷಯ ಹೇಳಿದೆ. ಆ ಸೀರೆ ಕಂಡರೆ ನನಗಾಗದು, ಇದರಲ್ಲಿ ನನ್ನ ತ್ಯಾಗವೇನೂ ಇಲ್ಲ ಎಂದೆ. ಒಂದೇ ಒಂದು ಷರತ್ತು ಹಾಕಿದೆ. "ಯಾರಾದ್ರೂ ಇದು ಮೊಳಕಾಲ್ಮೂರುದಾ ಅಂತ ಕೇಳಿದ್ರೆ ಹೌದು ಅನ್ಬಾರ್ದು. ಬೇರೆ ಏನ್ ಬೇಕಾದ್ರೂ ಹೇಳು, ಅದೊಂದು ಬೇಡ."

"ಆಯ್ತು ಅಕ್ಕ, ಮಾತು ಕೊಟ್ಟೆ" ಎಂದಳು.

ಸಾಹುಕಾರರಿಗೆ ಗೊತ್ತಾಗುವ ಭಯ ಹೆಚ್ಚಿರಲಿಲ್ಲ. ಅವರು ಬಾಗಿಲ ಬಳಿಯ ಕ್ಯಾಶ್ ಕೌಂಟರಿನಲ್ಲಿ ಕೂರುವವರು, ಮೆಟ್ಟಿಲಿರುವುದು ಹಿಂದುಗಡೆ. ಮೊಣಕಾಲು ನೋವಿನಿಂದ ಅವರು ಮೇಲೆ ಹತ್ತುತ್ತಲೇ ಇರಲಿಲ್ಲ. ನನ್ನನ್ನು ಕೆಳಗೆ ಕಂಡು ಕೇಳಿದರೆ, ಕವರ್ ತರಲು ಬಂದೆ, ಟೇಪು ತರಲು ಬಂದೆ ಎನ್ನುತ್ತಿದ್ದೆ. ಮೇಲೆ ಸೀರೆ ಚೆನ್ನಾಗಿ ಹೋಗತೊಡಗಿದಾಗ ಅವರು ಹಿಗ್ಗಿಹೋದರು. "ಮೊಳಕಾಲ್ಮೂರು ಹೆಣ್ಮಗಳು ನೋಡಮ್ಮ, ಸೀರೆ ವಿಷ್ಯ ರಕ್ತದಲ್ಲೇ ಐತೆ" ಎಂದು ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ನಿಂತೆ. ವಿನಯವೆಂದು ತಿಳಿದರು.

ಆದರೂ ಒಂದು ತೊಡಕು ಉಳಿದಿತ್ತು. ಪೊರಕೆ ಮೂಲೆ ಮೆಟ್ಟಿಲ ಕೆಳಗೇ ಇದ್ದುದರಿಂದ, ಫ್ಯಾನು ಹಾಕಿದ ಕೂಡಲೇ ಹೊಟ್ಟು ಮೆಟ್ಟಿಲು ಹತ್ತಿ ಸೀರೆ ವಿಭಾಗಕ್ಕೆ ಹೋಗುತ್ತಿತ್ತು. ಅವಳ ಕೆಮ್ಮು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಕೆಳಗೆ ನಾನು ಕಟ್ಟು ಬಿಚ್ಚುವುದು, ಮೇಲೆ ಅವಳು ಕೆಮ್ಮುವುದು. ಸಾಹುಕಾರರು ಒಮ್ಮೆ ತಲೆಯೆತ್ತಿ, "ಯಾರದು ಕೆಮ್ತಿರೋದು?" ಎಂದು ಕೇಳಿಯೇಬಿಟ್ಟರು. ಗಿರಾಕಿ ಎಂದೆ.

ಆ ವಾರದ ರಜೆಯಲ್ಲಿ ಮೊಳಕಾಲ್ಮೂರಿಗೆ ಹೋಗಿದ್ದೆ. ಅವ್ವ ಅಂಗಳದಲ್ಲಿ ಕೂತು ಹೊಸ ಪೊರಕೆಯೊಂದನ್ನು ಬಾಚುತ್ತಿದ್ದಳು. ಕಂಡ ಕೂಡಲೇ ಹಣೆ ಚಚ್ಚಿಕೊಂಡೆ. ಹುಟ್ಟಿದಾಗಿನಿಂದ ನೋಡಿದ್ದು ನನಗೆ ಹೇಗೆ ಮರೆತುಹೋಯಿತೋ ಕಾಣೆ. ನಮ್ಮ ಮಗ್ಗದ ಮನೆಯಲ್ಲಿ ಹೊಸ ಪೊರಕೆಯನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದರ ಹೊಟ್ಟು ಹಾರಿ ರೇಷ್ಮೆ ಎಳೆಗೆ ಅಂಟಿದರೆ ಸೀರೆಯ ಮೈಯಲ್ಲಿ ಗಂಟುಗಂಟಾಗಿ ಕಾಣುತ್ತದೆ. ಅದಕ್ಕೇ ಪೊರಕೆಯನ್ನು ಮೊದಲು ಕಲ್ಲಿಗೆ ಬಡಿದು, ದೊಡ್ಡ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಆಮೇಲೆ ಹೊಸ್ತಿಲು ದಾಟಿಸುತ್ತಾರೆ. ಅಂಥ ಪೊರಕೆಯಲ್ಲಿ ಗುಡಿಸಿದರೆ ಒಂದು ಎಳೆಯೂ ಹಾರುವುದಿಲ್ಲ.

ಅವ್ವನಿಗೆ ಅಂಗಡಿಯ ಕಥೆ ಹೇಳಿದೆ. "ಪಾಪಂ, ಆ ಪಿಲ್ಲ" ಎಂದು ತೆಲುಗಿನಲ್ಲಿ ಆ ಹುಡುಗಿಗಾಗಿ ಮರುಗಿ, ತನ್ನ ಬಾಚಣಿಗೆಯನ್ನೇ ನನ್ನ ಚೀಲಕ್ಕೆ ಹಾಕಿದಳು.

ಮಾರನೆಯ ದಿನದಿಂದ ಶುರು. ಮಧ್ಯಾಹ್ನ ಅಂಗಡಿ ಖಾಲಿ ಇರುವ ಹೊತ್ತಿಗೆ ಪೊರಕೆ ಕಟ್ಟುಗಳನ್ನು ಟೆರೇಸಿಗೆ ಹೊತ್ತುಕೊಂಡು ಹೋಗಿ, ನೀರಿನ ಟ್ಯಾಂಕಿನ ಕಟ್ಟೆಗೆ ಬಡಿದು, ಒಂದೊಂದನ್ನೇ ಬಾಚುತ್ತಿದ್ದೆ. ನಮ್ಮ ಚಳ್ಳಕೆರೆಯ ಗಾಳಿ ಗೊತ್ತಲ್ಲ, ಹೊಟ್ಟು ಮೋಡದಂತೆ ಎದ್ದು ಹೋಗುತ್ತಿತ್ತು. ಪಕ್ಕದ ಟೆರೇಸಿನಲ್ಲಿ ಸಂಡಿಗೆ ಒಣಹಾಕಿದ್ದವರು ಎರಡು ದಿನ ಸಹಿಸಿಕೊಂಡು ಮೂರನೆಯ ದಿನ ಕೂಗಾಡಿದರು. ಗಾಳಿ ನೋಡಿಕೊಂಡು ಜಾಗ ಬದಲಿಸಿದೆ. ಬಕೆಟ್ಟಿನಲ್ಲಿ ಅದ್ದಿ, ಸಾಲಾಗಿ ಒಣಗಿಸಿ, ತಂದು ಮೂಲೆಯಲ್ಲಿ ಅಚ್ಚುಕಟ್ಟಾಗಿ ಮಲಗಿಸಿಟ್ಟೆ. ಮೇಲೆ ಕೆಮ್ಮು ನಿಂತಿತು. ಒಂದು ಮಧ್ಯಾಹ್ನ ಅವಳು ಮೆಟ್ಟಿಲಿನಿಂದ ಬಗ್ಗಿ, ಉದ್ದಕ್ಕೆ ಉಸಿರೆಳೆದುಕೊಂಡು ತೋರಿಸಿ ನಕ್ಕಳು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ. ಇಂಥ ಉಪಾಯ ಈ ಊರಿನಲ್ಲಿ ಬೇರೆ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಬೀಗಿದೆ.

ಏಕೆ ಹೊಳೆದಿರಲಿಲ್ಲವೆಂದು ಮೂರನೆಯ ತಿಂಗಳ ಕೊನೆಯಲ್ಲಿ ಗೊತ್ತಾಯಿತು. ಅವಳ ವಿಷಯವನ್ನು ಶನಿವಾರ ಹೇಳುತ್ತೇನೆ ಎಂದು ಸಾಹುಕಾರರು ಅಂದಿದ್ದರು. ಆ ಶನಿವಾರ ಬೆಳಿಗ್ಗೆಯೇ ದೊಡ್ಡಉಳ್ಳಾರ್ತಿಯ ಒಬ್ಬ ಅಜ್ಜಿ, ಹಳೆಯ ಸೀರೆ ತುಂಡಿನಲ್ಲಿ ಸುತ್ತಿದ ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಕೌಂಟರಿನ ಮುಂದೆ ನಿಂತಳು.

"ಏನಪ್ಪ ಸಾವ್ಕಾರ, ಇದು ಯಾರ ಮನೆ ಕಸ ಹೊಡ್ದಿರೋ ಪರಕೆ?"

"ಯಾಕಜ್ಜಿ, ಹೊಸಾದೇ ಅಲ್ವಾ?"

"ಹೊಸಾದಾ? ನೋಡಿಲ್ಲಿ." ಅಜ್ಜಿ ಪೊರಕೆ ಬಿಚ್ಚಿ ಸಾಹುಕಾರರ ಮುಖದ ಮುಂದೆ ಜೋರಾಗಿ ಕೊಡವಿದಳು. ಒಂದು ಕಣವೂ ಉದುರಲಿಲ್ಲ. "ಹೊಸ ಪರಕೆ ಅಂದ್ಮೇಲೆ ಹೊಟ್ಟು ಉದುರ್ಬೇಕು. ತುದಿ ನೋಡು, ನೀರು ಕುಡ್ದು ಕಪ್ಪಗಾಗೈತೆ. ಯಾರೋ ವರ್ಷ ಒಪ್ಪತ್ತು ಮನೆ ಗುಡಿಸಿ ಕೊಟ್ಟಾರೆ, ನೀನು ಮಾರೀಯ. ಬೇರೆಯವ್ರ ಮನೆ ದರಿದ್ರ ನಮ್ ಮನೆಗ್ಯಾಕಪ್ಪ?"

ಬಿಲ್ಲಿಗೆ ನಿಂತಿದ್ದ ಇನ್ನೊಬ್ಬ ಹೆಂಗಸು ಇದನ್ನು ಕೇಳಿ, "ನಂದೂ ಹಂಗೇ ಐತ್ರಿ. ತಗಂಡೋದಾಗಿಂದ ಒಂಚೂರೂ ಉದ್ರಿಲ್ಲ, ನಾನೂ ಅನ್ಕಂಡೆ" ಎಂದಳು. ಸಾಲು ಬಿಟ್ಟು ಜನ ಸುತ್ತುಗಟ್ಟಿದರು. ಅಜ್ಜಿ ಮೂಲೆಗೆ ಹೋಗಿ ಅಲ್ಲಿದ್ದ ಪೊರಕೆಗಳನ್ನೂ ಒಂದೊಂದಾಗಿ ಕೊಡವಿದಳು. ಯಾವುದೂ ಉದುರಲಿಲ್ಲ. ನಮ್ಮ ಮನೆಯಲ್ಲಿ ಯಾವುದು ಶುದ್ಧವೋ ಊರಿಗೆಲ್ಲ ಅದು ಹಳೆಯದು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಿರಲಿಲ್ಲ.

ಸಾಹುಕಾರರ ಮುಖ ಕೆಂಪೇರಿತು. ತಂದೆಯ ಕಾಲದಿಂದ ಬಂದ ಅಂಗಡಿ, ಬಳಸಿದ ಪೊರಕೆ ಮಾರುತ್ತಾರೆಂದು ಸಂತೆಯಲ್ಲಿ ಸುದ್ದಿಯಾದರೆ ಮುಗಿಯಿತು. "ಪರಕೆ ನೋಡ್ಕೊಳೋಳು ಯಾರು? ಕರೀರಿ ಅವಳ್ನ" ಎಂದರು. ಅವರ ಲೆಕ್ಕದಲ್ಲಿ ಪೊರಕೆ ಅವಳದಲ್ಲವೇ.

ಅವಳು ಮೇಲಿನಿಂದ ಇಳಿದು ಬಂದಳು. ಅಜ್ಜಿ, ಜನ, ನೆಲದ ಮೇಲೆ ಬಿದ್ದ ಪೊರಕೆಗಳು, ಎಲ್ಲವನ್ನೂ ನೋಡಿದಳು. ಏನಾಗಿದೆಯೆಂದು ಅವಳಿಗೆ ತಕ್ಷಣ ಅರ್ಥವಾಯಿತು. ನನ್ನ ಕಡೆ ಬೆರಳು ತೋರಿಸಿದ್ದರೆ ಅವಳು ಪಾರಾಗುತ್ತಿದ್ದಳು. ಅದರ ಬದಲು, ದಿನಪೂರ್ತಿ ಮಾತಾಡುವ ಆ ಹೆಂಗಸು ತಲೆ ತಗ್ಗಿಸಿ, "ನಂದೇ ತಪ್ಪು ಅಣ್ಣ" ಎಂದಳು. ಅಷ್ಟೇ.

ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋದೆ. "ಅವಳ ತಪ್ಪಲ್ಲ ಸಾವ್ಕಾರ್ರೆ. ಬಾಚಿದ್ದು ನಾನು."

"ಏನು ಬಾಚಿದ್ದು?"

"ಪರಕೆ."

ಕೋಟಿನ ಜೇಬಿನಿಂದ ಬಾಚಣಿಗೆ ತೆಗೆದು ಕೌಂಟರಿನ ಮೇಲಿಟ್ಟೆ. ಸಾಹುಕಾರರು ಬಾಚಣಿಗೆಯನ್ನೂ ಪೊರಕೆಯನ್ನೂ ನನ್ನನ್ನೂ ಒಂದರ ನಂತರ ಒಂದು ನೋಡಿದರು. ಅಜ್ಜಿ ಹತ್ತಿರ ಬಂದು, "ಯಾಕವ್ವ, ಹೇನಾಗಿದ್ವಾ ಅದಕ್ಕೆ?" ಎಂದಳು. ನಿಂತವರೆಲ್ಲ ಗೊಳ್ಳೆಂದು ನಕ್ಕರು. ನಗು ಬಾರದೆ ಇದ್ದವರು ನಾವು ಮೂವರೇ.

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಮಗ್ಗದ ಮನೆಯ ಪದ್ಧತಿ ಹೇಳಿದೆ. ಅವಳಿಗೆ ಧೂಳಾಗದೆಂದೂ, ನಾವಿಬ್ಬರೂ ಜಾಗ ಅದಲುಬದಲು ಮಾಡಿಕೊಂಡೆವೆಂದೂ ಹೇಳಿದೆ. ಅಜ್ಜಿ ಎಲ್ಲವನ್ನೂ ಗಮನವಿಟ್ಟು ಕೇಳಿ, "ಮಗ್ಗದೋರ ಮನೇಲಿ ಹಂಗೇನು? ನಿಮ್ ಮನೆ ನಿಮ್ಗೆ ಚೆಂದ. ನಂಗೆ ಉದುರೋದೇ ಕೊಡು ತಾಯಿ" ಎಂದಳು. ಬಿಚ್ಚದ ಕಟ್ಟಿನಿಂದ ಹೊಸದೊಂದನ್ನು ತಂದುಕೊಟ್ಟೆ. ಅಜ್ಜಿ ಅದನ್ನು ಅಲ್ಲೇ ಕೊಡವಿದಳು. ಹೊಟ್ಟೆಲ್ಲ ಎದ್ದು ಸಾಹುಕಾರರ ಬಿಳಿ ಅಂಗಿಯ ಮೇಲೆ ಕೂತಿತು. ಅವಳು ದುಪಟ್ಟಾ ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಳು. ಸಾಹುಕಾರರು ಒಂದೇ ಸಮ ಸೀನತೊಡಗಿದರು. "ಹಾ, ಇದು ಹೊಸಾದು" ಎಂದು ಅಜ್ಜಿ ಪೊರಕೆಯನ್ನು ಕಣ್ಣಿಗೊತ್ತಿಕೊಂಡು ಬಸ್ಸಿಗೆ ಹೋದಳು.

ಸೀನು ನಿಂತ ಮೇಲೆ ಸಾಹುಕಾರರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಅವರ ತಲೆಗೆ ಆಗ ಇನ್ನೊಂದು ವಿಷಯ ಹೊಕ್ಕಿತ್ತು.

"ಹಂಗಾದ್ರೆ ಮೇಲೆ ಸೀರೆ ಮಾರ್ತಿರೋದು?"

"ಅವಳೇ" ಎಂದೆ.

"ಮೊಳಕಾಲ್ಮೂರು ಹೆಣ್ಮಗಳು ಕೂತ್ಮೇಲೆ ಸೀರೆ ಓಡ್ತಾವೆ ಅಂತ ಊರೆಲ್ಲ ಹೇಳ್ಕಂಡು ಬಂದೀನಲ್ಲಮ್ಮ" ಎಂದರು. ಕೋಪವೋ ಅವಮಾನವೋ ತಿಳಿಯುವಂತಿರಲಿಲ್ಲ. ಅಂಗಿಯ ಹೊಟ್ಟು ಕೊಡವಿಕೊಂಡು ಅವಳಿಗೆ, "ನಡಿ, ಹೆಂಗ್ ಮಾರ್ತೀಯ ನೋಡ್ತೀನಿ" ಎಂದು ಎದ್ದರು. ಮೊಣಕಾಲು ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ನಿಂತು, ಅವರು ಮೇಲೆ ಹತ್ತಿದರು. ಹಿಂದೆ ಅವಳು, ಅವಳ ಹಿಂದೆ ನಾನು. ನಾನು ಕೊನೆಯ ಮೆಟ್ಟಿಲಿನಲ್ಲೇ ನಿಂತೆ.

ಮೇಲೆ ಒಬ್ಬ ಹೆಂಗಸು ಆಗಲೇ ಸೀರೆ ನೋಡುತ್ತ ಕಾಯುತ್ತಿದ್ದರು. ಮಗಳ ನಾದಿನಿಗೆ ಉಡುಗೊರೆ ಕೊಡಬೇಕಿತ್ತಂತೆ. ಅವಳು ನಾಲ್ಕು ಸೀರೆ ಬಿಚ್ಚಿ ತೋರಿಸಿದಳು. ಹೆಂಗಸಿಗೆ ಹಸಿರು ಮೈಯ, ಕೆಂಪು ಅಂಚಿನ ಒಂದು ಸೀರೆ ಹಿಡಿಸಿತು. ಅಂಚಿನ ನವಿಲಿನ ಮೇಲೆ ಕೈಯಾಡಿಸಿ, ಬೋರ್ಡಿನ ಕಡೆ ನೋಡಿ ಕೇಳಿದರು.

"ಇದು ಮೊಳಕಾಲ್ಮೂರುದೇ ಅಲ್ವಾ? ಹಂಗಂತ ಹೇಳಿ ಕೊಡ್ಬೋದಲ್ಲ?"

ಸಾಹುಕಾರರು ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬೋರ್ಡು ಬರೆಸಿದ್ದವರು ಅವರೇ. ಹೌದು ಎನ್ನುವ ಒಂದು ಮಾತು ಸಾಕಿತ್ತು, ಕೆಲಸ ಉಳಿಯುತ್ತಿತ್ತು. ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಷರತ್ತು ಹಾಕಿದವಳೇ ನಾನು, ಆದರೆ ಆ ಗಳಿಗೆಯಲ್ಲಿ ಮೊಳಕಾಲ್ಮೂರಿನ ಮಾನಕ್ಕಿಂತ ಅವಳು ಮನೆಯಲ್ಲಿ ಟಿವಿ ಮುಂದೆ ಕೂರದಿರುವುದೇ ನನಗೆ ದೊಡ್ಡದಾಗಿತ್ತು. ತಲೆಯಾಡಿಸಿ ಸನ್ನೆ ಕೂಡ ಮಾಡಿದೆ.

ಅವಳು ನನ್ನ ಸನ್ನೆ ಕಂಡಳು. ಕಂಡೂ ಹೆಂಗಸಿನ ಕಡೆ ತಿರುಗಿದಳು.

"ಇಲ್ಲ ರೀ. ಇದು ಮೊಳಕಾಲ್ಮೂರುದಲ್ಲ, ಮೆಷಿನ್ದು" ಎಂದಳು. "ಅಲ್ಲಿದಾದ್ರೆ ಒಂದು ಸೀರ್ಗೆ ಮನೆಮಂದಿಯೆಲ್ಲ ಮಗ್ಗದ ಮುಂದೆ ಕೂರ್ತಾರೆ. ಇದನ್ನ ಅದು ಅಂತ ಹೇಳಿ ಕೊಟ್ರೆ, ಅವ್ರಿಗೆ ಗೊತ್ತಾದ್ರೆ, ನಿಮ್ಗೇ ಮುಜುಗರ. ಆದ್ರೆ ಇದನ್ನ ಉಟ್ಕೊಂಡು ಅಡ್ಗೆ ಮಾಡ್ಬೋದು, ಬಸ್ ಹತ್ಬೋದು, ವಾಷಿಂಗ್ ಮೆಷಿನ್‌ಗೆ ಹಾಕ್ಬೋದು. ಅದನ್ನ ಹಾಕಿದ್ರೆ ನಮ್ಮಕ್ಕ ಹೊಡೀತಾಳೆ. ನೋಡ್ರಿ, ಅಲ್ಲೇ ನಿಂತವ್ಳೆ."

ಹೆಂಗಸು ತಿರುಗಿ ನನ್ನನ್ನು ನೋಡಿದರು. ತಲೆತುಂಬ ಹೊಟ್ಟು ಮೆತ್ತಿಕೊಂಡು ನಾನು ನಿಜಕ್ಕೂ ಹೊಡೆಯುವವಳ ಹಾಗೇ ಕಂಡಿರಬೇಕು. ಆಕೆಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರೆ ನಂಗೂ ಒಂದು ಕೊಡು, ಬಸ್ ಹತ್ತಕ್ಕೆ" ಎಂದು ಎರಡು ಸೀರೆ ತೆಗೆದುಕೊಂಡು ಬಿಲ್ಲಿಗೆ ಇಳಿದರು.

ಸಾಹುಕಾರರು ಕುರ್ಚಿಯಿಂದ ಏಳಲಿಲ್ಲ. ಬೋರ್ಡನ್ನು ಒಮ್ಮೆ ನೋಡಿದರು. ತೆಗೆಸುತ್ತಾರೇನೋ ಎಂದುಕೊಂಡೆ, ತೆಗೆಸಲಿಲ್ಲ. ಅದು ಇಂದಿಗೂ ಅಲ್ಲೇ ಇದೆ, ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆಮೇಲೆ ಅವರು ನನ್ನ ಕಡೆ ತಿರುಗಿ, "ಆ ಬಾಚಣಿಗೆ ನಿಮ್ಮವ್ವಂಗೆ ವಾಪಸ್ ಕೊಡು. ಪರಕೆಯೆಲ್ಲ ಹೊರಗೆ ಪಕ್ಕದ ಓಣೀಲಿ ಮಲಗ್ಸು, ಬೇಕಾದೋರು ಅಲ್ಲೇ ಕೊಡವ್ಕೊಳ್ಳಿ" ಎಂದರು. "ನೀನೇ ನೋಡ್ಕೋತೀಯ ತಾನೆ?"

"ನೋಡ್ಕೋತೀನಿ" ಎಂದೆ. ಆ ಮೇಲೆ ಇಬ್ಬರು ಹೊಸಬರು ಬಂದರು. ಪೊರಕೆಯನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಅವಳು ಬಿಚ್ಚಿದ ಸೀರೆಗಳನ್ನು ಮಡಚುತ್ತ ನಿಂತಿದ್ದಳು. ಸಾಹುಕಾರರು ಮೆಟ್ಟಿಲಿಗೆ ಕಾಲಿಟ್ಟ ಮೇಲೆ, ಹಿಂತಿರುಗಿ ನೋಡದೆಯೇ, "ನಾಳೆ ಬೇಗ ಬಾರಮ್ಮ. ಸೀರೆ ಮಾಲು ಬರ್ತೈತೆ" ಎಂದರು. ಅವರು ಹೇಳಿದ್ದು ಅಷ್ಟೇ. ಮೂರು ತಿಂಗಳ ಮಾತಾಗಲಿ, ಕೆಲಸ ಖಾಯಂ ಎಂಬ ಮಾತಾಗಲಿ ಅವರ ಬಾಯಿಂದ ಬರಲಿಲ್ಲ.

ಅವರು ಕೆಳಗೆ ತಲುಪುವವರೆಗೂ ಕಾದೆ. ಆಮೇಲೆ ಅವಳ ತೋಳು ಹಿಡಿದು ಕೇಳಿದೆ, "ಹೌದು ಅಂದಿದ್ರೆ ಏನ್ ಹೋಗ್ತಿತ್ತೆ? ನಾನೇ ಸನ್ನೆ ಮಾಡಿದ್ನಲ್ಲ."

"ನೀನು ಸನ್ನೆ ಮಾಡ್ದೆ ಅಕ್ಕ. ಆದ್ರೆ ನಾನು ಮಾತು ಕೊಟ್ಟಿದ್ನಲ್ಲ" ಎಂದಳು.

ಜೇಬಿನಿಂದ ಫೋನು ತೆಗೆದು, ಸೀರೆಗಳ ಮಧ್ಯೆಯೇ ಕೂತು ಮನೆಗೆ ಹಚ್ಚಿದಳು. ಆ ಕಡೆ ಅತ್ತೆಯ ದನಿ ಕೇಳಿಸಿತು. ಇವಳು ಎಂದಿನಂತೆ ಗಂಟೆಗಟ್ಟಲೆ ಮಾತಾಡುತ್ತಾಳೆ, ಅಜ್ಜಿಯಿಂದ ಹಿಡಿದು ಬಾಚಣಿಗೆಯವರೆಗೆ ಎಲ್ಲ ಹೇಳುತ್ತಾಳೆ ಎಂದುಕೊಂಡೆ. ಅವಳು ಆಡಿದ್ದು ಒಂದೇ ಮಾತು. "ಅಮ್ಮೀ, ಕಲ್ ಮೇರೇಕು ಜಲ್ದಿ ಜಾನಾ ಹೈ." ನನಗೆ ಉರ್ದು ಬರುವುದಿಲ್ಲ, ಆದರೂ ಅದು ಅರ್ಥವಾಯಿತು. ನಾಳೆ ನಾನು ಬೇಗ ಹೋಗಬೇಕು ಎಂದಿದ್ದಳು.